ಫ್ಯೂಯೆಲ್ ಸೆಲ್‌ನ ಪ್ಲಾಟಿನಂ ಸವೆಯದಂತೆ ಕಾಯುವುದು: ಯಾವ ಬಳಕೆಗೆ ಯಾವ ದಾರಿ?

ಫ್ಯೂಯೆಲ್ ಸೆಲ್ ಬಸ್ಸು, ಅಂದರೆ ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ಕರೆಂಟ್ ಮಾಡಿಕೊಳ್ಳುವ ಬಸ್ಸು, ಸಿಗ್ನಲ್‌ನಲ್ಲಿ ನಿಂತಾಗ ಮೋಟಾರಿಗೆ ಕರೆಂಟ್ ಬೇಕಿರುವುದಿಲ್ಲ. ಕರೆಂಟ್ ಎಳೆಯುವುದು ಕಡಿಮೆಯಾದ ತಕ್ಷಣ ಒಂದೊಂದು ಸೆಲ್‌ನ ವೋಲ್ಟೇಜೂ 0.9, 0.95 ವೋಲ್ಟ್‌ಗೆ ಏರಿ ಕೂರುತ್ತದೆ. ಹಸಿರು ದೀಪ ಬಂದು ಡ್ರೈವರ್ ಆಕ್ಸಿಲರೇಟರ್ ಒತ್ತಿದರೆ 0.6ರ ಆಸುಪಾಸಿಗೆ ಇಳಿಯುತ್ತದೆ. ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಮೇಲಕ್ಕೆ. ಎಲೆಕ್ಟ್ರೋಡ್‌ನಲ್ಲಿ ಈ ಕ್ರಿಯೆಯನ್ನು ಚುರುಕುಗೊಳಿಸುವ ಕ್ಯಾಟಲಿಸ್ಟ್ ಪ್ಲಾಟಿನಂ. ಅದು ಜಾಸ್ತಿ ಸವೆಯುವುದು ಈ ಏರಿಳಿತದಲ್ಲೇ. ಒಂದೇ ಸಮನೆ ಓಡುವಾಗ ಆಗುವ ಸವೆತ ಅದರ ಮುಂದೆ ಕಡಿಮೆ.

ಆದ್ದರಿಂದ "ಬಾಳಿಕೆ ಬರುವ ಕ್ಯಾಟಲಿಸ್ಟ್ ಯಾವುದು?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, "ನಿಮ್ಮ ಸ್ಟ್ಯಾಕ್ ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ಮಾಡುತ್ತದೆ?" ಅಂತ. ಸ್ಟ್ಯಾಕ್ ಅಂದರೆ ಸಾಲಾಗಿ ಜೋಡಿಸಿದ ಸೆಲ್‌ಗಳ ಕಟ್ಟು. ಸಿಟಿ ಬಸ್ಸಿಗೆ ಹೊಂದುವ ರಕ್ಷಣೆ ಮೊಬೈಲ್ ಟವರ್‌ನ ಬ್ಯಾಕಪ್‌ಗೆ ದಂಡ. ಹೈವೇ ಲಾರಿಗೆ ಬೇಕಾದದ್ದು ಡ್ರೋನ್‌ಗೆ ಹೊರೆ. ಪ್ರಾಜೆಕ್ಟ್‌ಗಾಗಿ ಸ್ಟ್ಯಾಕ್ ಕಟ್ಟುತ್ತಿರುವ ವಿದ್ಯಾರ್ಥಿಗಳನ್ನೂ, ತಯಾರಾದ ಎಲೆಕ್ಟ್ರೋಡ್ ಕೊಳ್ಳಲು ಹೊರಟ ಸಣ್ಣ ಕಂಪನಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಆಯ್ಕೆಗಳನ್ನು ಹೋಲಿಸಿದ್ದೇನೆ. ಮಾತೆಲ್ಲ ಪಿ.ಇ.ಎಂ. ಸೆಲ್ ಬಗ್ಗೆ. ಅಂದರೆ ಪ್ರೋಟಾನ್ ದಾಟಿಸುವ ಪಾಲಿಮರ್ ಮೆಂಬ್ರೇನ್ ಇರುವ, 80 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಓಡುವ ಸೆಲ್. ತುಂಬಾ ಬಿಸಿಯಲ್ಲಿ ಓಡುವ ಸಾಲಿಡ್ ಆಕ್ಸೈಡ್ ಸೆಲ್‌ನ ನಿಕ್ಕಲ್ ಕಥೆಯೇ ಬೇರೆ.

ಪ್ಲಾಟಿನಂ ಎಲ್ಲಿಗೆ ಹೋಗುತ್ತದೆ?

ಎಲೆಕ್ಟ್ರೋಡ್ ಅಂದರೆ ಪ್ಲಾಟಿನಂ ತಗಡಲ್ಲ. ಕಪ್ಪು ಕಾರ್ಬನ್ ಪುಡಿ, ಅದರ ಮೇಲೆ 2ರಿಂದ 5 ನ್ಯಾನೋಮೀಟರ್ ಅಗಲದ ಪ್ಲಾಟಿನಂ ಕಣಗಳು, ಅವುಗಳ ಸುತ್ತ ಅಯಾನೋಮರ್‌ನ, ಅಂದರೆ ಪ್ರೋಟಾನ್ ದಾಟಿಸುವ ಪಾಲಿಮರ್‌ನ, ತೆಳು ಪೊರೆ. 3 ನ್ಯಾನೋಮೀಟರ್ ಕಣದಲ್ಲಿರುವುದು ಹೆಚ್ಚುಕಡಿಮೆ ಸಾವಿರ ಪರಮಾಣು ಅಷ್ಟೇ. ಅಷ್ಟು ಚಿಕ್ಕದಾಗಿದ್ದರೆ ಒಂದು ಗ್ರಾಂ ಪ್ಲಾಟಿನಂನಿಂದ ಸುಮಾರು 90 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ದುಬಾರಿ ಲೋಹವನ್ನು ಮಿತವಾಗಿ ಬಳಸಬೇಕಾದರೆ ಇದೇ ದಾರಿ. ತೊಂದರೆ ಶುರುವಾಗುವುದೂ ಇಲ್ಲೇ. ಕಣ ಚಿಕ್ಕದಾದಷ್ಟೂ ಕರಗುವುದು ಸುಲಭ.

ಒಂದು ಕಣವನ್ನು ಹತ್ತಿರದಿಂದ ನೋಡೋಣ. ವೋಲ್ಟೇಜ್ ಏರಿದಾಗ ಅದರ ಮೈಗೆ ಆಮ್ಲಜನಕ ಅಂಟಿಕೊಳ್ಳುತ್ತದೆ. ಇನ್ನೂ ಏರಿದರೆ, ಅಥವಾ ಅಲ್ಲೇ ತುಂಬಾ ಹೊತ್ತು ನಿಂತರೆ, ಆಮ್ಲಜನಕ ಒಳಕ್ಕಿಳಿದು ಪ್ಲಾಟಿನಂ ಪರಮಾಣು ಮೇಲಕ್ಕೆ ಬರುತ್ತದೆ. ಎರಡೂ ಜಾಗ ಬದಲಿಸುತ್ತವೆ. ಈ ಆಕ್ಸೈಡ್ ಪದರ ಇರುವಷ್ಟು ಹೊತ್ತು ಕೆಳಗಿನ ಲೋಹ ಒಂದು ಮಟ್ಟಿಗೆ ಸುರಕ್ಷಿತ. ವೋಲ್ಟೇಜ್ ಇಳಿದಾಗ ಪದರ ಕಿತ್ತುಹೋಗುತ್ತದೆ. ಜಾಗ ತಪ್ಪಿ ಮೇಲೆ ಬಂದಿದ್ದ ಪರಮಾಣುಗಳಿಗೆ ಅಕ್ಕಪಕ್ಕದವುಗಳ ಹಿಡಿತ ಸಾಲುವುದಿಲ್ಲ. ಅವುಗಳಲ್ಲಿ ಕೆಲವು ಅಯಾನ್ ಆಗಿ ಕರಗಿಬಿಡುತ್ತವೆ.

ಕರಗಿದ್ದರಲ್ಲಿ ಒಂದಿಷ್ಟು ಪಕ್ಕದ ದೊಡ್ಡ ಕಣದ ಮೇಲೆ ಹೋಗಿ ಕೂರುತ್ತದೆ. ಚಿಕ್ಕವು ಕರಗುತ್ತಾ ದೊಡ್ಡವು ಇನ್ನೂ ದೊಡ್ಡವಾಗುತ್ತವೆ. ಆಗ ಲೋಹದ ತೂಕ ಕಡಿಮೆಯಾಗುವುದಿಲ್ಲ, ಮೇಲ್ಮೈ ಮಾತ್ರ ಕುಗ್ಗುತ್ತದೆ. ಉಳಿದದ್ದು ಮೆಂಬ್ರೇನ್ ಒಳಕ್ಕೆ ಇಳಿಯುತ್ತದೆ. ಅಲ್ಲಿ ಆನೋಡ್ (ಹೈಡ್ರೋಜನ್ ಬರುವ ಎಲೆಕ್ಟ್ರೋಡ್) ಕಡೆಯಿಂದ ಸೋರಿ ಬರುವ ಹೈಡ್ರೋಜನ್ ಎದುರಾಗಿ ಅದನ್ನು ಮತ್ತೆ ಲೋಹ ಮಾಡುತ್ತದೆ. ತುಂಬಾ ಓಡಿದ ಸೆಲ್ ಒಂದನ್ನು ಅಡ್ಡಕ್ಕೆ ಕೊಯ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ, ಗಾಳಿ ಬರುವ ಎಲೆಕ್ಟ್ರೋಡ್ ಆದ ಕ್ಯಾಥೋಡ್‌ನಿಂದ ಸ್ವಲ್ಪ ದೂರದಲ್ಲಿ, ಮೆಂಬ್ರೇನ್ ಒಳಗೆ ಪ್ಲಾಟಿನಂ ಪಟ್ಟಿಯೊಂದು ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೆ ವಿದ್ಯುತ್ ಸಂಪರ್ಕವೇ ಇಲ್ಲ. ದುಡ್ಡು ಕೊಟ್ಟು ತಂದ ಲೋಹ ಅಲ್ಲಿ ಸುಮ್ನೆ ಬಿದ್ದಿರುತ್ತದೆ. ಇದರ ಜೊತೆಗೆ, ಕೆಲವು ಕಣಗಳು ಕಾರ್ಬನ್ ಮೇಲೆ ಜರುಗುತ್ತಾ ಸಾರಿನ ಮೇಲಿನ ಎಣ್ಣೆ ಹನಿಗಳಂತೆ ಒಂದರೊಳಗೊಂದು ಸೇರಿಬಿಡುತ್ತವೆ.

ಇನ್ನೊಂದು ಹಾನಿ ಪ್ಲಾಟಿನಂ ಕೆಳಗಿನ ಕಾರ್ಬನ್‌ಗೆ ಆಗುತ್ತದೆ. ಕಾರ್ಬನ್ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಲೆಕ್ಕದ ಪ್ರಕಾರ ಇದಕ್ಕೆ 0.207 ವೋಲ್ಟ್ ದಾಟಿದರೆ ಸಾಕು. ಆದರೆ ಕ್ರಿಯೆ ತುಂಬಾ ನಿಧಾನ, ಅದರಿಂದಲೇ ಸೆಲ್ ಬದುಕಿರುವುದು. 1.2 ವೋಲ್ಟ್ ದಾಟಿದರೆ ಆ ನಿಧಾನ ಉಳಿಯುವುದಿಲ್ಲ. ಅಷ್ಟು ವೋಲ್ಟೇಜ್ ಎಲ್ಲಿಂದ ಬರುತ್ತದೆ? ರಾತ್ರಿಯಿಡೀ ನಿಂತ ವಾಹನದ ಆನೋಡ್‌ನಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ಬೆಳಿಗ್ಗೆ ಹೈಡ್ರೋಜನ್ ಬಿಟ್ಟಾಗ ಒಂದೆರಡು ಕ್ಷಣ ಆನೋಡ್‌ನ ಒಂದು ಭಾಗದಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಗಾಳಿ. ಗಾಳಿ ಇರುವ ಭಾಗದ ಎದುರಿನ ಕ್ಯಾಥೋಡ್ 1.4, 1.5 ವೋಲ್ಟ್‌ಗೆ ಜಿಗಿಯುತ್ತದೆ. ರೈಸರ್ ಮತ್ತು ಸಂಗಡಿಗರು ಇದನ್ನು 2005ರಲ್ಲಿ ವಿವರಿಸಿದರು. ಕಾರ್ಬನ್ ಹೋದರೆ ಅದರ ಮೇಲಿನ ಪ್ಲಾಟಿನಂ ಕಳಚಿಕೊಳ್ಳುತ್ತದೆ. ಗಾಳಿ ಓಡಾಡುವ ರಂಧ್ರಗಳೂ ಕುಸಿಯುತ್ತವೆ.

ಲೋಹ ಮುಟ್ಟದೆ ಕಾಯುವುದು

ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಶುರು ಮಾಡಬೇಕಾದದ್ದು ಇಲ್ಲಿಂದ. ಹೊಸ ಕ್ಯಾಟಲಿಸ್ಟ್‌ಗೆ ಕೈ ಹಾಕುವ ಮೊದಲು ಸ್ಟ್ಯಾಕ್ ಓಡಿಸುವ ರೀತಿ ಬದಲಿಸಿ.

ಪಕ್ಕದಲ್ಲಿ ಒಂದು ಬ್ಯಾಟರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ವಾಹನ ನಿಂತಾಗಲೂ ಸ್ಟ್ಯಾಕ್‌ನಿಂದ ಸ್ವಲ್ಪ ಕರೆಂಟ್ ಎಳೆದು ಬ್ಯಾಟರಿಗೆ ತುಂಬಿಸಿದರೆ ಸೆಲ್ ವೋಲ್ಟೇಜ್ 0.85 ದಾಟದಂತೆ ತಡೆಯಬಹುದು. ಆಕ್ಸಿಲರೇಟರ್ ಒತ್ತಿದಾಗ ಮೊದಲ ಹೊಡೆತವನ್ನು ಬ್ಯಾಟರಿ ತಗೊಂಡರೆ ಸ್ಟ್ಯಾಕ್ ನಿಧಾನವಾಗಿ ಏರಬಹುದು. ಏರಿಳಿತದ ಎತ್ತರವೂ ಕಡಿಮೆ, ಎಣಿಕೆಯೂ ಕಡಿಮೆ. ಇದಕ್ಕೆ ಬೆಲೆಯೂ ಇದೆ. ಸೆಲ್‌ನ ದಕ್ಷತೆ ಅತಿ ಹೆಚ್ಚು ಇರುವುದು ಎತ್ತರದ ವೋಲ್ಟೇಜ್‌ನಲ್ಲೇ, ಅದನ್ನು ಸ್ವಲ್ಪ ಬಿಟ್ಟುಕೊಡಬೇಕು. ಬ್ಯಾಟರಿ ತುಂಬಿದ್ದರೆ ಆ ಕರೆಂಟ್ ಎಲ್ಲಿ ಸುರಿಯುವುದು ಅನ್ನುವುದನ್ನೂ ಮೊದಲೇ ಯೋಚಿಸಿರಬೇಕು.

ಸ್ಟಾರ್ಟ್ ಮಾಡುವಾಗ ಹೈಡ್ರೋಜನ್ ರಭಸವಾಗಿ ನುಗ್ಗಿಸಿ, ಗಾಳಿ-ಹೈಡ್ರೋಜನ್ ಗಡಿ ಆನೋಡ್ ದಾಟುವ ಸಮಯವನ್ನು ಕುಗ್ಗಿಸಿ. ಬಂದ್ ಮಾಡುವಾಗ ಒಂದು ಸಣ್ಣ ರೆಸಿಸ್ಟರ್ ಹಾಕಿ ಕ್ಯಾಥೋಡ್‌ನಲ್ಲಿ ಉಳಿದ ಆಮ್ಲಜನಕವನ್ನು ಖಾಲಿ ಮಾಡಿಸಿ. ವಾಲ್ವ್ ಬಿಗಿಯಾಗಿದ್ದು ಹೊರಗಿನ ಗಾಳಿ ಒಳಗೆ ಬರದಿದ್ದರೆ ಮರುದಿನದ ಸ್ಟಾರ್ಟ್ ಅರ್ಧಕ್ಕರ್ಧ ಸುರಕ್ಷಿತ. ಇವೆಲ್ಲ ವಾಲ್ವ್, ರೆಸಿಸ್ಟರ್, ಒಂದಿಷ್ಟು ಕೋಡ್‌ನಿಂದ ಆಗುವ ಕೆಲಸ. ಒಂದು ಗ್ರಾಂ ಲೋಹವೂ ಜಾಸ್ತಿ ಬೇಕಿಲ್ಲ, ಅಲ್ವಾ?

ಹೈಡ್ರೋಜನ್ ಸಾಲದೆ ಹೋದ ಸೆಲ್ ಇನ್ನೂ ಅಪಾಯಕಾರಿ. ನೀರು ಕಟ್ಟಿಕೊಂಡೋ ಬೇರೆ ಕಾರಣಕ್ಕೋ ಒಂದು ಸೆಲ್‌ಗೆ ಇಂಧನ ತಲುಪದಿದ್ದರೂ ಸಾಲಿನಲ್ಲಿರುವ ಉಳಿದ ಸೆಲ್‌ಗಳು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತವೆ. ಆಗ ಆ ಸೆಲ್‌ನ ಆನೋಡ್ ತನ್ನ ಕಾರ್ಬನ್ನನ್ನೇ ಸುಡುತ್ತದೆ. ಸೆಲ್ ವೋಲ್ಟೇಜ್ ಮಾನಿಟರ್ ಇಲ್ಲದೆ ಸ್ಟ್ಯಾಕ್ ಓಡಿಸಬೇಡಿ. ಆನೋಡ್‌ನಲ್ಲಿ ಸ್ವಲ್ಪ ಇರಿಡಿಯಂ ಆಕ್ಸೈಡ್ ಬೆರೆಸಿದರೆ ಅಂಥ ಹೊತ್ತಿನಲ್ಲಿ ಕಾರ್ಬನ್ ಬದಲು ನೀರು ಒಡೆಯುತ್ತದೆ, ಒಂದಿಷ್ಟು ಸಮಯ ಸಿಗುತ್ತದೆ. ಇರಿಡಿಯಂ ಪ್ಲಾಟಿನಂಗಿಂತ ಅಪರೂಪದ ಲೋಹ. ಬಸ್ಸು, ಲಾರಿಗೆ ಈ ಖರ್ಚು ಸರಿ. ಕಾಲೇಜಿನ ಸ್ಟ್ಯಾಕ್‌ಗೆ ಮಾನಿಟರ್ ಸಾಕು.

ಅಲಾಯ್ ಬೇಕೋ, ಬರೀ ಪ್ಲಾಟಿನಂ ಸಾಕೋ?

ಎಲ್ಲರ ಕಣ್ಣು ಹೋಗುವುದು ಅಲಾಯ್ ಕಡೆಗೆ, ಅಂದರೆ ಪ್ಲಾಟಿನಂಗೆ ಇನ್ನೊಂದು ಲೋಹ ಬೆರೆಸುವ ಕಡೆಗೆ. 2007ರಲ್ಲಿ ಸ್ಟಾಮೆನ್‌ಕೋವಿಚ್ ಮತ್ತು ಸಂಗಡಿಗರು, ಮೂರು ಪಾಲು ಪ್ಲಾಟಿನಂ, ಒಂದು ಪಾಲು ನಿಕ್ಕಲ್ ಇರುವ ಹರಳಿನ ಒಂದು ನಿರ್ದಿಷ್ಟ ಮುಖ ಆಗಿನ ಪ್ಲಾಟಿನಂ-ಕಾರ್ಬನ್ ಕ್ಯಾಟಲಿಸ್ಟ್‌ಗಿಂತ 90 ಪಟ್ಟು ಚುರುಕು ಅಂತ ತೋರಿಸಿದರು. ಆದರೆ ಆ ಮುಖವನ್ನೇ ಹೊರಗಿಟ್ಟು ಎಂಟು ಮುಖದ ನ್ಯಾನೋ ಕಣ ಮಾಡಿದರೆ, ಏರಿಳಿತದಲ್ಲಿ ನಿಕ್ಕಲ್ ಕರಗುತ್ತದೆ, ಆಕಾರ ಹೋಗುತ್ತದೆ, ಚುರುಕೂ ಹೋಗುತ್ತದೆ.

ಕೋಬಾಲ್ಟ್ ಇದಕ್ಕಿಂತ ಹೊಂದಿಕೊಂಡು ಹೋಗುತ್ತದೆ. 2014ರಲ್ಲಿ ಬಂದ ಟೊಯೋಟಾ ಮಿರಾಯ್ ಕಾರಿನ ಕ್ಯಾಥೋಡ್‌ನಲ್ಲಿರುವುದು ಪ್ಲಾಟಿನಂ-ಕೋಬಾಲ್ಟ್. (ಈ ಕಾರನ್ನು ನಮ್ಮ ರಸ್ತೆ, ಹವೆಯಲ್ಲಿ ಪರೀಕ್ಷಿಸುವ ಯೋಜನೆಯನ್ನು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಮತ್ತು ವಾಹನ ಪರೀಕ್ಷಿಸುವ ಐಕ್ಯಾಟ್ ಸಂಸ್ಥೆ 2022ರ ಮಾರ್ಚ್‌ನಲ್ಲಿ ಶುರು ಮಾಡಿದವು.) ತಯಾರಿಯಲ್ಲೇ ಆಸಿಡ್‌ನಿಂದ ತೊಳೆದು ಹೊರಗಿನ ಕೋಬಾಲ್ಟ್ ತೆಗೆದರೆ, ಮೇಲೆ ಕೆಲವೇ ಪರಮಾಣು ದಪ್ಪದ ಪ್ಲಾಟಿನಂ ಚರ್ಮ ಉಳಿದು ಒಳಗಿನ ಕೋಬಾಲ್ಟ್‌ಗೆ ಮರೆಯಾಗುತ್ತದೆ.

ಆ ಮರೆ ಶಾಶ್ವತ ಅಲ್ಲ ಅನ್ನುವುದನ್ನು ಕೊಳ್ಳುವವರು ಗಮನಿಸುವುದು ಕಡಿಮೆ. ಕೋಬಾಲ್ಟ್ ಕರಗಿದರೆ ಚುರುಕು ತಗ್ಗುತ್ತದೆ, ನಿಜ. ಅದಕ್ಕಿಂತ ದೊಡ್ಡ ನಷ್ಟ ಅಯಾನೋಮರ್‌ನಲ್ಲಿ. ಪ್ರೋಟಾನ್ ಕೂರಬೇಕಾದ ಜಾಗದಲ್ಲಿ ಕೋಬಾಲ್ಟ್ ಅಯಾನ್ ಬಂದು ಕೂರುತ್ತದೆ. ಪ್ರೋಟಾನ್ ಓಡಾಟಕ್ಕೂ ಆಮ್ಲಜನಕದ ಓಡಾಟಕ್ಕೂ ತೊಡಕು. ಕಡಿಮೆ ಕರೆಂಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಗುಡ್ಡ ಹತ್ತುವಾಗ, ಪೂರ್ತಿ ಕರೆಂಟ್ ಬೇಕಾದಾಗ, ವೋಲ್ಟೇಜ್ ದಡಕ್ಕನೆ ಕುಸಿಯುತ್ತದೆ.

ಪರಮಾಣುಗಳು ಒಂದು ಪದರ ಪ್ಲಾಟಿನಂ, ಒಂದು ಪದರ ಕೋಬಾಲ್ಟ್ ಅಂತ ಸಾಲಾಗಿ ಜೋಡಿಸಿಕೊಂಡ ಇಂಟರ್‌ಮೆಟಾಲಿಕ್ ಕಣಗಳಲ್ಲಿ ಕೋಬಾಲ್ಟ್ ಸುಲಭಕ್ಕೆ ಜಾಗ ಬಿಡುವುದಿಲ್ಲ. ಆದರೆ ಈ ಸಾಲು ಬರಬೇಕಾದರೆ ಜಾಸ್ತಿ ಬಿಸಿ ಮಾಡಬೇಕು, ಬಿಸಿ ಮಾಡಿದರೆ ಕಣ ದೊಡ್ಡದಾಗುತ್ತದೆ. ಚಿನ್ನದ ದಾರಿಯೂ ಇದೆ. ಬ್ರೂಕ್‌ಹೇವನ್ ಪ್ರಯೋಗಾಲಯದ ರಾಡೋಸ್ಲಾವ್ ಆಡ್ಜಿಕ್ ತಂಡ 2007ರಲ್ಲಿ ಪ್ಲಾಟಿನಂ ಮೇಲೆ ಚಿನ್ನದ ಸಣ್ಣ ಗುಂಪುಗಳನ್ನು ಕೂರಿಸಿ, 0.6ರಿಂದ 1.1 ವೋಲ್ಟ್ ನಡುವೆ 30,000 ಸಲ ಏರಿಳಿಸಿದರೂ ಮೇಲ್ಮೈ ಹೆಚ್ಚು ಕುಗ್ಗಲಿಲ್ಲ ಅಂತ ತೋರಿಸಿತು. ವಿಜ್ಞಾನವಾಗಿ ಅದು ಚೆಂದ. ಇಂದು ಅಂಗಡಿಯಿಂದ ಕ್ಯಾಟಲಿಸ್ಟ್ ತರುವವರಿಗೆ ಮಾತ್ರ ಅದು ಆಯ್ಕೆಯೇ ಅಲ್ಲ.

ಇನ್ನು ಬರೀ ಪ್ಲಾಟಿನಂ. ಕಣವನ್ನು 3ರಿಂದ 5 ನ್ಯಾನೋಮೀಟರ್‌ಗೆ ಏರಿಸಿದರೆ ಗ್ರಾಂಗೆ 90 ಇದ್ದ ಮೇಲ್ಮೈ ಸುಮಾರು 55 ಚದರ ಮೀಟರ್‌ಗೆ ಇಳಿಯುತ್ತದೆ. ಮೊದಲ ದಿನವೇ ಇಷ್ಟು ನಷ್ಟವೇ ಅನ್ನಿಸುತ್ತದೆ. ಆದರೆ ಚಿಕ್ಕ ಕಣದ ಸೆಲ್ ಕೆಲ ಸಾವಿರ ಏರಿಳಿತದಲ್ಲಿ ಹೇಗೂ ಆ ಕಡೆಗೇ ಜಾರುತ್ತದೆ, ಅದೂ ಮೆಂಬ್ರೇನ್‌ಗೆ ಲೋಹ ಸುರಿಯುತ್ತಾ. ದೊಡ್ಡ ಕಣ ಇದ್ದಲ್ಲೇ ಇರುತ್ತದೆ. ಭಾರಿ ವಾಹನಕ್ಕೆ ಅಮೆರಿಕದ ಇಂಧನ ಇಲಾಖೆ 2030ಕ್ಕೆ ಇಟ್ಟ ಗುರಿ 25,000 ಗಂಟೆ. ಅದರ ಸಂಶೋಧನಾ ಒಕ್ಕೂಟದ ಗುರಿ, ಅಷ್ಟು ಓಡಿದ ನಂತರವೂ ಒಂದು ಗ್ರಾಂ ಪ್ಲಾಟಿನಂ ಗುಂಪಿನ ಲೋಹಕ್ಕೆ 2.5 ಕಿಲೋವ್ಯಾಟ್. 250 ಕಿಲೋವ್ಯಾಟ್ ಲಾರಿಗೆ 100 ಗ್ರಾಂ ಅಂತ ಆಯಿತು. ಅಳತೆ ಕೊನೆಯ ದಿನದ್ದು, ಮೊದಲ ದಿನದ್ದಲ್ಲ. ನನಗೆ ಇದು ತುಂಬಾ ಸರಿಯಾದ ಗುರಿ ಅನ್ನಿಸುತ್ತದೆ. ಹೀಗೆ ಅಳೆದರೆ ಚುರುಕಾದ ಅಲಾಯ್‌ನ ಮೇಲುಗೈ ತುಂಬಾ ಕರಗಿಹೋಗುತ್ತದೆ.

ಕೆಳಗಿನ ಕಾರ್ಬನ್

ಕಾರ್ಬನ್ ಆರಿಸುವುದನ್ನು ಚಿಲ್ಲರೆ ವಿಷಯ ಅಂತ ಬಿಡಬೇಡಿ. ವಲ್ಕನ್‌ನಂಥ ಗಟ್ಟಿ ಕಾರ್ಬನ್‌ನಲ್ಲಿ ಪ್ಲಾಟಿನಂ ಬಹುಪಾಲು ಹೊರಮೈ ಮೇಲೆ ಕೂರುತ್ತದೆ. ಆಮ್ಲಜನಕ ಸಲೀಸಾಗಿ ಸಿಗುತ್ತದೆ, ಆದರೆ ಅಯಾನೋಮರ್‌ನ ಸಲ್ಫೋನೇಟ್ ಗುಂಪು ನೇರ ಅಂಟಿಕೊಂಡು ಚುರುಕು ಕಡಿಮೆ ಮಾಡುತ್ತದೆ. ಕೆಟ್‌ಜೆನ್‌ಬ್ಲ್ಯಾಕ್‌ನಂಥ ರಂಧ್ರಗಳ ಕಾರ್ಬನ್‌ನಲ್ಲಿ ಕಣಗಳು ಒಳಗೆ ಅಡಗಿ ಕೂರುತ್ತವೆ. ಅಯಾನೋಮರ್ ಅಲ್ಲಿಗೆ ಬರುವುದಿಲ್ಲ, ಕಣಗಳು ಒಂದಕ್ಕೊಂದು ಸೇರುವುದೂ ಕಡಿಮೆ. ಆದರೆ ರಂಧ್ರದ ಬಾಯಿ ತೀರಾ ಇಕ್ಕಟ್ಟಾದರೆ ಪೂರ್ತಿ ಕರೆಂಟ್‌ನಲ್ಲಿ ಆಮ್ಲಜನಕಕ್ಕೆ ಉಸಿರುಗಟ್ಟುತ್ತದೆ. ಈ ಎರಡರ ನಡುವೆ ಬರುವುದು ಬಾಯಿ ಅಗಲಿಸಿದ ಮೀಸೋಪೋರಸ್ ಕಾರ್ಬನ್. ಎರಡನೇ ತಲೆಮಾರಿನ ಮಿರಾಯ್ ಇದನ್ನೇ ಹಿಡಿಯಿತು. ವೋಲ್ಟೇಜ್ ಏರಿಳಿತವೇ ನಿಮ್ಮ ಮುಖ್ಯ ತೊಂದರೆಯಾದರೆ ನಾನೂ ಇದನ್ನೇ ಹೇಳುತ್ತೇನೆ.

ಸ್ಟಾರ್ಟ್-ಸ್ಟಾಪ್ ತೊಂದರೆಯಾದರೆ ಗ್ರಾಫೈಟೀಕರಿಸಿದ ಕಾರ್ಬನ್ ಬೇಕು. 2,000 ಡಿಗ್ರಿಗಿಂತ ಮೇಲೆ ಕಾಯಿಸಿ ಪದರ ಪದರವಾಗಿ ಜೋಡಿಸಿದ ಕಾರ್ಬನ್ ಅದು, ಸುಲಭಕ್ಕೆ ಸುಡುವುದಿಲ್ಲ. ಮೈ ನುಣುಪಾಗಿರುವುದರಿಂದ ಪ್ಲಾಟಿನಂ ಸಣ್ಣ ಕಣವಾಗಿ ಹರಡಿ ಕೂರುವುದು ಕಷ್ಟ. ಅಂದರೆ ಮೇಲ್ಮೈ ಕಡಿಮೆ.

ಕಾರ್ಬನ್ನೇ ಬೇಡ ಅಂತ ಹೊರಟವರೂ ಇದ್ದಾರೆ. ಟೈಟೇನಿಯಂ ಆಕ್ಸೈಡ್, ಆಂಟಿಮನಿ ಸೇರಿಸಿದ ತವರದ ಆಕ್ಸೈಡ್ ಮೇಲೆ ಪ್ಲಾಟಿನಂ ಕೂರಿಸುತ್ತಾರೆ. ಇವು 1.5 ವೋಲ್ಟ್‌ಗೂ ಜಗ್ಗುವುದಿಲ್ಲ, ಆದರೆ ಕರೆಂಟ್ ಹರಿಸುವುದರಲ್ಲಿ ಕಾರ್ಬನ್‌ಗೆ ಸಾಟಿಯಿಲ್ಲ. 3ಎಂ ಕಂಪನಿ ಸಾವಯವ ಬಣ್ಣದ ಸೂಜಿಗಳ ಮೇಲೆ ಪ್ಲಾಟಿನಂ ಲೇಪಿಸಿ ಕಾರ್ಬನ್ ಇಲ್ಲದ ಎಲೆಕ್ಟ್ರೋಡ್ ಮಾಡಿತು. ಬಾಳಿಕೆ ಚೆನ್ನಾಗಿತ್ತು. ಪದರ ತೀರಾ ತೆಳುವಾದ್ದರಿಂದ ತಂಪಿನಲ್ಲಿ ನೀರು ಕಟ್ಟಿಕೊಳ್ಳುವುದೇ ತಲೆನೋವಾಯಿತು. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದವರು 2011ರಲ್ಲಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್) ಹಾಳೆ, ಇಂಡಿಯಂ-ತವರದ ಆಕ್ಸೈಡ್, ಪ್ಲಾಟಿನಂ ಮೂರೂ ಕೂಡುವ ಮೂಲೆಯಲ್ಲಿ ಕಣವನ್ನು ಸಿಕ್ಕಿಸಿ ಹಿಡಿಯುವ ದಾರಿ ತೋರಿಸಿದರು. ಓದಲು ಸೊಗಸಾದ ಕೆಲಸ. ಖರೀದಿ ಪಟ್ಟಿಗೆ ಇವು ಯಾವುವೂ ಇನ್ನೂ ಬರುವುದಿಲ್ಲ.

ಕಣಕ್ಕೆ ಕವಚ

ಕಣದ ಮೇಲೆಯೇ ತೆಳುವಾದ ಹೊದಿಕೆ ಹಾಕುವುದು ಇನ್ನೊಂದು ದಾರಿ. 2015ರಲ್ಲಿ ಸೋಲ್‌ನ ಸಂಶೋಧಕರು ಪ್ಲಾಟಿನಂ-ಕಬ್ಬಿಣದ ಕಣಗಳಿಗೆ ಪಾಲಿಡೋಪಮೀನ್ ಅನ್ನುವ ಪಾಲಿಮರ್ ಲೇಪಿಸಿ ಕಾಯಿಸಿದರು. ಅದು ನೈಟ್ರೋಜನ್ ಸೇರಿದ ಕಾರ್ಬನ್ ಚಿಪ್ಪಾಗಿ, ಕಣಗಳು ಒಂದಕ್ಕೊಂದು ಸೇರದಂತೆ ತಡೆಯಿತು. ಚಿಪ್ಪು ದಪ್ಪವಾದರೆ ಆಮ್ಲಜನಕ ಒಳಗೆ ಬರುವುದಿಲ್ಲ, ತೆಳುವಾದರೆ ರಕ್ಷಣೆ ಇಲ್ಲ. ಒಂದು ನ್ಯಾನೋಮೀಟರ್ ಆಚೀಚೆಯಲ್ಲಿ ಎಲ್ಲ ತೀರ್ಮಾನವಾಗುತ್ತದೆ.

ಈ ದಾರಿಯಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಅಮೆರಿಕದ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದ ಯು ಹುವಾಂಗ್ ತಂಡದ ಕೆಲಸ. ಅವರು ಕಣವನ್ನು ಬಿಗಿಯಾಗಿ ಸುತ್ತದೆ, ಗ್ರಾಫೀನ್‌ನ ಸಡಿಲ ಜೇಬಿನೊಳಗೆ ಇಟ್ಟರು. 2025ರಲ್ಲಿ, ಮೊದಲು ಬಳಸಿದ್ದ ಕೋಬಾಲ್ಟ್ ಬಿಟ್ಟು ಬರೀ ಪ್ಲಾಟಿನಂ ಹಾಕಿ, ಅದನ್ನು ಕೆಟ್‌ಜೆನ್‌ಬ್ಲ್ಯಾಕ್ ರಂಧ್ರಗಳಲ್ಲಿ ಕೂರಿಸಿದಾಗ, 90,000 ಏರಿಳಿತದ ನಂತರ ಪವರ್ ನಷ್ಟ 1.1 ಶೇಕಡಾಕ್ಕಿಂತ ಕಡಿಮೆ ಅಂತ ವರದಿ ಮಾಡಿದರು. ಅದರಿಂದ ಅವರು ಅಂದಾಜು ಮಾಡಿದ ಬಾಳಿಕೆ 2 ಲಕ್ಷ ಗಂಟೆಗೂ ಹೆಚ್ಚು. ಅಂದಾಜು ಅಂದಾಜೇ, ರಸ್ತೆಯಲ್ಲಿ ಓಡಿದ ಗಂಟೆಗಳಲ್ಲ. ಆದರೂ ಕರಗುವ ಎರಡನೇ ಲೋಹವೇ ಬೇಡ ಅನ್ನುವ ಅವರ ನಿರ್ಧಾರ ಸರಿಯಾದ ದಿಕ್ಕು ಅಂತ ನಾನು ನಂಬುತ್ತೇನೆ.

ನಿಮಗೆ ಯಾವುದು?

ಟವರ್ ಬ್ಯಾಕಪ್: ಸ್ಟ್ಯಾಕ್ ಓಡುವುದೇ ಅಪರೂಪ, ಆದರೆ ಪ್ರತಿ ಸಲ ತಣ್ಣಗಿನಿಂದ ಸ್ಟಾರ್ಟ್ ಆಗಬೇಕು. ಗ್ರಾಫೈಟೀಕರಿಸಿದ ಕಾರ್ಬನ್, ಬರೀ ಪ್ಲಾಟಿನಂ, ಬಂದ್ ಮಾಡುವಾಗ ರೆಸಿಸ್ಟರ್. ಅಲಾಯ್‌ಗೆ ಇಲ್ಲಿ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಸಿಟಿ ಬಸ್ಸು: ಬೆಂಗಳೂರಿನಂಥ ಟ್ರಾಫಿಕ್ ನೆನೆಸಿಕೊಳ್ಳಿ. ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ಇಲ್ಲಿ ದೊಡ್ಡ ಬ್ಯಾಟರಿ, ವೋಲ್ಟೇಜ್ ಮಿತಿ ಇವೆರಡೇ ನಿಜವಾದ ಕಾವಲು. ಕ್ಯಾಥೋಡ್‌ಗೆ 4-5 ನ್ಯಾನೋಮೀಟರ್ ಕಣ, ಮೀಸೋಪೋರಸ್ ಕಾರ್ಬನ್. ಟ್ರಾಫಿಕ್ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ಪ್ಲಾಟಿನಂಗೆ ಅಂಟಿಕೊಳ್ಳುತ್ತದೆ. ಬರೀ ಧೂಳಿನ ಫಿಲ್ಟರ್ ಸಾಲದು, ಆಕ್ಟಿವೇಟೆಡ್ ಕಾರ್ಬನ್ ಇರುವ ಗಾಳಿ ಫಿಲ್ಟರ್ ಹಾಕಿ.

ಲಾರಿಗೆ ಹೇಳಬೇಕಾದದ್ದನ್ನು ಮೇಲೆಯೇ ಹೇಳಿದೆ. ಚದರ ಸೆಂಟಿಮೀಟರ್‌ಗೆ 0.3 ಮಿಲಿಗ್ರಾಂವರೆಗೆ ಲೋಹ ಹಾಕಲು ಅಂಜಬೇಡಿ. ಕಾರಿಗೆ ಪ್ಲಾಟಿನಂ-ಕೋಬಾಲ್ಟ್ ಈಗಲೂ ಒಳ್ಳೆಯ ಆಯ್ಕೆ. ಅಲ್ಲಿ ಬಾಳಿಕೆಯ ಗುರಿ 8,000 ಗಂಟೆ, ಲೋಹದ ಬೆಲೆಯ ಒತ್ತಡ ಜಾಸ್ತಿ. ಡ್ರೋನ್‌ಗೂ ಅಲಾಯ್, ಏಕೆಂದರೆ ತೂಕವೇ ಮುಖ್ಯ. ಕಾರ್ಖಾನೆಯಲ್ಲಿ ಒಂದೇ ಸಮನೆ ಓಡುವ ಸ್ಟ್ಯಾಕ್‌ಗೆ ಸಾಮಾನ್ಯ ಪ್ಲಾಟಿನಂ-ಕಾರ್ಬನ್ ಸಾಕು. ಉಳಿದ ಹಣವನ್ನು ಹೈಡ್ರೋಜನ್ ಶುದ್ಧಿಗೆ ಹಾಕಿ. ವಾಹನದ ಹೈಡ್ರೋಜನ್‌ಗೆ ಇರುವ ಐ.ಎಸ್.ಒ. 14687 ಮಾನದಂಡದಲ್ಲಿ ಕಾರ್ಬನ್ ಮಾನಾಕ್ಸೈಡ್ 0.2 ಪಿ.ಪಿ.ಎಂ. (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಒಟ್ಟು ಗಂಧಕ 0.004 ಪಿ.ಪಿ.ಎಂ. ದಾಟುವಂತಿಲ್ಲ. ಅದನ್ನೇ ಗುರಿಯಾಗಿ ಇಟ್ಟುಕೊಳ್ಳಿ.

ಡೇಟಾಶೀಟ್ ಓದುವಾಗ

"30,000 ಸೈಕಲ್ ಪಾಸ್" ಅಂತ ಬರೆದಿದ್ದರೆ ಯಾವ ಸೈಕಲ್ ಅಂತ ಕೇಳಿ. ಅಮೆರಿಕದ ಇಂಧನ ಇಲಾಖೆಯ ಲೋಹದ ಪರೀಕ್ಷೆ 0.6 ಮತ್ತು 0.95 ವೋಲ್ಟ್ ನಡುವೆ, ಒಂದೊಂದರಲ್ಲಿ 3 ಸೆಕೆಂಡ್. 30,000 ಸಲ ಅಂದರೆ ಬರೀ 50 ಗಂಟೆ. ಕಾರ್ಬನ್ ಪರೀಕ್ಷೆ 1.0ರಿಂದ 1.5 ವೋಲ್ಟ್, 5,000 ಸಲ, ಮೂರು ಗಂಟೆಯೊಳಗೆ ಮುಗಿಯುತ್ತದೆ. ಒಂದರಲ್ಲಿ ಗೆದ್ದ ಕ್ಯಾಟಲಿಸ್ಟ್ ಇನ್ನೊಂದರಲ್ಲಿ ಸೋಲಬಹುದು. ಎರಡರ ಫಲಿತಾಂಶವನ್ನೂ ಕೇಳಿ ಪಡೆಯಿರಿ.

ಅಂಕಿ ಬಂದದ್ದು ಆಸಿಡ್ ಬೀಕರ್‌ನಲ್ಲಿ ತಿರುಗುವ ಎಲೆಕ್ಟ್ರೋಡ್‌ನಿಂದಲೋ, 80 ಡಿಗ್ರಿಯ ನಿಜವಾದ ಸೆಲ್‌ನಿಂದಲೋ ಅನ್ನುವುದು ಅಷ್ಟೇ ಮುಖ್ಯ. ಬೀಕರ್‌ನಲ್ಲಿ ಕೋಣೆಯ ಬಿಸಿ, ಸುತ್ತ ಬೇಕಾದಷ್ಟು ದ್ರವ, ಅಯಾನೋಮರ್ ಹೆಚ್ಚುಕಡಿಮೆ ಇಲ್ಲ. ಅಲ್ಲಿನ ಅಚ್ಚರಿಯ ಅಂಕಿಗಳು ಸೆಲ್‌ಗೆ ಬಂದಾಗ ಎಷ್ಟೋ ಸಲ ಉಳಿಯುವುದಿಲ್ಲ. ಅಲಾಯ್‌ನ ಮೇಲ್ಮೈಯನ್ನು ಬರೀ ಹೈಡ್ರೋಜನ್ ಅಂಟಿಸಿ ಅಳೆದಿದ್ದರೆ ನಿಜಕ್ಕಿಂತ ಕಡಿಮೆ ಬರುವುದುಂಟು. ಕಾರ್ಬನ್ ಮಾನಾಕ್ಸೈಡ್ ಅಂಟಿಸಿ ಅಳೆದದ್ದೂ ಇದೆಯೇ ಅಂತ ನೋಡಿ.

ನಿಮ್ಮದೇ ಸ್ಟ್ಯಾಕ್ ಸೊರಗಿದೆ ಅನ್ನಿಸಿದಾಗಲೂ ಪ್ಲಾಟಿನಂ ಹೋಯಿತು ಅಂತ ಕೂಡಲೇ ಬಿಚ್ಚಬೇಡಿ. ಆಕ್ಸೈಡ್ ಪದರ, ಗಂಧಕದ ಅಂಟು, ಒಣಗಿದ ಅಯಾನೋಮರ್ ಇವುಗಳಿಂದ ಆಗುವ ನಷ್ಟ ಬಹುಪಾಲು ವಾಪಸ್ ಬರುತ್ತದೆ. ಗಾಳಿ ತಗ್ಗಿಸಿ, ಚೆನ್ನಾಗಿ ತೇವ ಕೊಟ್ಟು, ಕಡಿಮೆ ವೋಲ್ಟೇಜ್‌ನಲ್ಲಿ ಒಂದಷ್ಟು ಹೊತ್ತು ಓಡಿಸಿ. ಆಮೇಲೆ ಮತ್ತೆ ಅಳೆಯಿರಿ. ಆಗಲೂ ವಾಪಸ್ ಬಾರದ ಪಾಲನ್ನು ಮಾತ್ರ ಲೋಹದ ಸವೆತ ಅಥವಾ ಕಾರ್ಬನ್ ಸವೆತದ ಲೆಕ್ಕಕ್ಕೆ ಬರೆದುಕೊಳ್ಳಿ.